ಗರುಡಬಾಕು ಯಾರದು

ಮುಕುಂದ ಜೋಶಿ ಕೂತಲ್ಲಿ ಕೂಡುವ ಮನುಷ್ಯನಲ್ಲ. ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಸಮೀಪ, ಎಂಟು ಅಡಿ ಅಗಲದ ಅಂಗಡಿಯಲ್ಲಿ ಮೂವತ್ತಾರು ವರ್ಷ ಗಡಿಯಾರ ರಿಪೇರಿ ಮಾಡಿಕೊಂಡು ಬಂದ ಈ ಮನುಷ್ಯ, ಬೇರೆಲ್ಲ ಕೆಲಸ ಬಿಟ್ಟು ಕೂತೇ ಮಾಡಬೇಕಾದ ಕೆಲಸವನ್ನು ಯಾಕೆ ಹಿಡಿದನೆಂದು ಅವನ ಹೆಂಡತಿ ವರದಾಳಿಗೆ ಇಂದಿಗೂ ತಿಳಿದಿಲ್ಲ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅರ್ಧ ತಾಸು ಕೂತನೆಂದರೆ ಮುಂದಿನ ಹತ್ತು ನಿಮಿಷ ಅವನು ಹೊರಗೆ ನಿಲ್ಲಲೇಬೇಕು. ಚಹಾ ಕುಡಿಯಬೇಕು. ನೇಸರಗಿ ಬಸ್ಸು ಬಂತೋ ಇಲ್ಲವೋ ನೋಡಬೇಕು. ಆ ಬಸ್ಸಿನಲ್ಲಿ ಅವನಿಗೆ ಬೇಕಾದವರು ಯಾರೂ ಬರುವವರಿರುವುದಿಲ್ಲ.

ಜನ ಕೈಗಡಿಯಾರ ಕಟ್ಟುವುದನ್ನು ಬಿಟ್ಟ ಮೇಲೆ ಅವನ ಚಡಪಡಿಕೆ ಹೆಚ್ಚಾಯಿತು. ಕೆಲವು ದಿನ ಕ್ಯಾಲ್ಕುಲೇಟರ್, ಕೆಲವು ದಿನ ಟಾರ್ಚು, ಆಮೇಲೆ ಮಿಕ್ಸರ್, ಆಮೇಲೆ ಕೀಲಿಕೈ. ಯಾವುದೂ ಎರಡು ವರ್ಷದ ಮೇಲೆ ಕೈಗೆ ಹತ್ತಲಿಲ್ಲ. ಹಿಂದಿನ ವರ್ಷ ಶ್ರಾವಣದಲ್ಲಿ ರಸ್ತೆ ಅಗಲ ಮಾಡುವವರು ಬಂದು ಅಂಗಡಿಯ ಗೋಡೆಯ ಮೇಲೆ, ಒಳಗಿನಿಂದ ಮೂರು ಅಡಿ ಬಿಟ್ಟು, ಕೆಂಪು ಬಣ್ಣದಲ್ಲಿ ಗೀಟು ಎಳೆದು ಹೋದರು. ಮೂರು ಅಡಿಯಲ್ಲಿ ಕುರ್ಚಿ ಹಿಡಿಯುತ್ತದೆ, ಮೇಜು ಹಿಡಿಯುವುದಿಲ್ಲ. ಹಿಂದಿನ ಓಣಿಯಲ್ಲಿ ಒಂದು ಅಂಗಡಿ ಖಾಲಿ ಇತ್ತು. ಅದರ ಮಾಲೀಕ ಐವತ್ತು ಸಾವಿರ ಡಿಪಾಜಿಟ್ ಕೇಳಿದ.

ಆಗ ಮುಕುಂದನಿಗೆ ದೇವರ ಕೋಣೆಯ ಮಾಡದಲ್ಲಿದ್ದ ಮೂರು ಬಾಕುಗಳ ನೆನಪಾಯಿತು.

ಅವನ್ನು ತಂದವನು ಅವನ ಅಜ್ಜ ವೆಂಕಣ್ಣ ಜೋಶಿ. ನೇಸರಗಿಯಲ್ಲಿ ಪಂಚಾಂಗ ಹೇಳುವ, ಮುಹೂರ್ತ ತೆಗೆಯುವ ಮನೆತನ. ಇಪ್ಪತ್ತೆರಡು ವರ್ಷದ ವೆಂಕಣ್ಣ ಒಂದು ದಿನ ಯಾರಿಗೂ ಹೇಳದೆ ಬೆಳಗಾವಿಗೆ ಹೋಗಿ, ಎರಡನೆಯ ಮಹಾಯುದ್ಧಕ್ಕೆ ಹೊರಟಿದ್ದ ಪಲ್ಟನ್ನಿನಲ್ಲಿ ಉಗ್ರಾಣದ ಕಾರಕೂನನಾಗಿ ಸೇರಿಬಿಟ್ಟ. ಬಸ್ರಾ, ಕೈರೋ, ಇಟಲಿ ತಿರುಗಿ ನಾಲ್ಕು ವರ್ಷದ ಮೇಲೆ ಬಂದ. ಸಮುದ್ರ ದಾಟಿ ಬಂದವನೆಂದು ಮನೆಯವರು ಪಂಚಗವ್ಯ ಕುಡಿಸಿ, ಜನಿವಾರ ಬದಲಿಸಿ ಒಳಗೆ ಕರೆದುಕೊಂಡರು. ಅವನ ಟ್ರಂಕಿನಲ್ಲಿ ಎರಡು ಕಂಬಳಿ, ಒಂದು ಅಲಾರಾಂ ಗಡಿಯಾರ, ಗೇಣುದ್ದದ ಮೂರು ಬಾಕುಗಳಿದ್ದವು. ಮುಂದೆ ಅವನು ಬೈಲಹೊಂಗಲಕ್ಕೆ ಬಂದು ಸೊಸೈಟಿಯಲ್ಲಿ ಲೆಕ್ಕ ಬರೆದುಕೊಂಡು ಬದುಕಿದ. ಯುದ್ಧದ ಮಾತು ಆಡುತ್ತಿರಲಿಲ್ಲ. ಅವನು ಆಡದೆ ಬಿಟ್ಟ ಮಾತನ್ನು ಮನೆಯವರು ತಾವೇ ಕಟ್ಟಿಕೊಂಡರು: ಜರ್ಮನಿಯ ಒಬ್ಬ ಸೇನಾಪತಿ ಸೋತು ಶರಣಾದಾಗ ತನ್ನ ಬಾಕನ್ನು ವೆಂಕಣ್ಣನ ಕೈಗೆ ಒಪ್ಪಿಸಿದನಂತೆ.

ಆ ಜರ್ಮನ್ ಬಾಕಿನ ಹಿಡಿಯ ಕೆಳಗೆ ರೆಕ್ಕೆ ಬಿಚ್ಚಿದ ಹಕ್ಕಿಯಿತ್ತು. ಹಕ್ಕಿಯ ಕಾಲಲ್ಲಿ ಸ್ವಸ್ತಿಕ. ಗರುಡನೂ ಸ್ವಸ್ತಿಕವೂ ಒಂದೇ ಕಡೆ ಇರುವ ವಸ್ತುವನ್ನು ಜೋಶಿಯವರ ಮನೆಯಲ್ಲಿ ಎಲ್ಲಿ ಇಡುತ್ತಾರೆ? ಅದು ದೇವರ ಮಾಡಕ್ಕೆ ಹೋಯಿತು. ಅದರ ಹೆಸರು ಗರುಡಬಾಕು ಆಯಿತು. ಪ್ರತಿ ಖಂಡೇನವಮಿಗೆ ಹುಣಸೆಹಣ್ಣಿನಿಂದ ತಿಕ್ಕಿ ತೊಳೆದು, ಕುಂಕುಮ ಹಚ್ಚಿ, ಒರೆಗೆ ಅರಿಸಿನ ದಾರ ಸುತ್ತುತ್ತಿದ್ದರು. ಹಿಂದಿನ ವರ್ಷದ ದಾರ ಬಿಚ್ಚುವ ಪದ್ಧತಿಯಿರಲಿಲ್ಲ. ಎಂಬತ್ತು ವರ್ಷಕ್ಕೆ ಸಮೀಪ ಬಂದಾಗ ಒರೆಯ ನಡುಭಾಗ ಹೆಬ್ಬೆರಳಿಗಿಂತ ದಪ್ಪವಾಗಿತ್ತು. ಆ ಸ್ವಸ್ತಿಕ ಯಾರದೆಂದು ಮುಕುಂದ ಹೈಸ್ಕೂಲಿನಲ್ಲೇ ಓದಿ ತಿಳಿದು ತಾಯಿಗೆ ಹೇಳಿದ್ದ. ತಾಯಿ ಸುಂದರಾಬಾಯಿ, "ಅವನೆಲ್ಲಿಂದ ತಂದಾ? ನಮ್ಮದನ್ನ ಒಯ್ದು ಸೊಟ್ಟ ಮಾಡ್ಯಾನ," ಎಂದು ಕುಂಕುಮ ಹಚ್ಚಿದ್ದರು.

ರಾಮದುರ್ಗದ ಗುರುನಾಥನೆಂಬ ಹಳೆ ಸಾಮಾನಿನ ವ್ಯಾಪಾರಿ ಮುಕುಂದನ ಹಳೆಯ ಗಿರಾಕಿ. ಊರೂರು ತಿರುಗಿ ಹಿತ್ತಾಳೆ ದೀಪ, ಕೆತ್ತನೆ ಬಾಗಿಲು, ನಾಣ್ಯ, ಗೋಡೆ ಗಡಿಯಾರ ಕೊಂಡು ಪುಣೆಗೆ ಕಳಿಸುವವನು. ಗಡಿಯಾರ ನಿಂತಿದ್ದರೆ ನಡೆಯುವಂತೆ ಮಾಡುವುದು ಮುಕುಂದನ ಕೆಲಸ. ಆ ಸಲ ಬಂದಾಗ ಮುಕುಂದ ಮೂರೂ ಬಾಕುಗಳನ್ನು ಟವಲ್ಲಿನಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟ.

ಗುರುನಾಥ ಮೊದಲು ಕೈಯಲ್ಲಿ ತೂಗಿ ನೋಡಿದ. "ಈ ಸಣ್ಣ ಖುಕ್ರಿ, ಸಿಂಹದ ತಲಿ ಇದ್ದದ್ದು, ಆಗಿನ ಕಾಲದಾಗ ಎಲ್ಲಾ ಛಾವಣಿ ಬಜಾರದಾಗ ಸಿಪಾಯಿಗೋಳಿಗೆ ಮಾರತಿದ್ರರಿ. ಏಳೆಂಟನೂರು. ಈ ಸೊಟ್ಟದ್ದು ಕೈರೋದ್ದು. ನೆನಪಿಗಂತ ಒಯ್ಯೂದು. ಹಿಡಕಿ ಒಂಟೆ ಎಲಬಿಂದು, ಮ್ಯಾಗ ತಗಡು. ಸಾವಿರ ಅನ್ರಿ." ಗರುಡಬಾಕನ್ನು ಎತ್ತಿದವನು ಕಿಸೆಯಿಂದ ಅಳತೆಯ ಟೇಪು ತೆಗೆದ. "ಒಂಬತ್ತು ಇಂಚು. ಜೋಶಿಯವರ, ಇದು ಸೇನಾಪತಿದಲ್ಲರಿ. ಖರೇ ಬಾಕು ಇದರ ಒಂದೂವರಿ ಪಟ್ಟು ಇರತೈತಿ. ಇದು ಅದರ ಮರಿ. ಅಲ್ಲಿ ಕಾರಖಾನಿಯವರ ಮಾಡಿ ಅಂಗಡ್ಯಾಗ ಇಡತಿದ್ರು. ಪತ್ರದ ಲಕೋಟಿ ಹರಿಯಾಕ."

"ಅಂದರ ಬೆಲೆ ಇಲ್ಲ ಅನ್ರಿ."

"ಇಲ್ಲ ಅಂತ ಯಾರು ಅಂದ್ರು? ಯುದ್ಧಕ್ಕಿಂತ ಮೊದಲಿಂದು ಖರೇ ಇದ್ದರ ಅರವತ್ತು ಸಾವಿರದ ಮ್ಯಾಗ ಹೋಗತೈತಿ. ಆಮ್ಯಾಲ ಮಾಡಿದ ಖೊಟ್ಟಿ ಮಾಲಾದರ ಆರನೂರು. ಖೊಟ್ಟಿ ಮಾಲ ಬಾಳ ಅದಾವರಿ, ಹಕ್ಕಿ ರೆಕ್ಕಿಮ್ಯಾಗ ಅಚ್ಚಿನ ಗೀರು ಕಾಣತೈತಿ, ತೂಕ ಹಗರ. ನಿಮ್ಮ ಕಣ್ಣಾಗ ಕಾಚು ಐತಲ್ಲಾ, ನೀವ ನೋಡ್ರಿ. ಅಲಗಿನ ಬುಡಕ ಕಾರಖಾನಿ ಮುದ್ರಿ ಇರಬೇಕು. ಒರಿ ಹಿಂದಮಗ್ಗಲಾ ಫೋಟೋ ಬೇಕು. ಈ ದಾರಾ ಬಿಚ್ಚಿ ಕಳಸ್ರಿ."

ಗುರುನಾಥ ಹೋದ ಮೇಲೆ ಮುಕುಂದ ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡ. ಮೂವತ್ತಾರು ವರ್ಷದಲ್ಲಿ ಅವನು ಅಷ್ಟು ಹೊತ್ತು ಎದ್ದೇಳದೆ ಕೂತದ್ದು ಅದೇ ಮೊದಲು. ಅಲಗಿನ ಬುಡದಲ್ಲಿ ಹುಣಸೆಹಣ್ಣು ತಿಂದು ಉಳಿಸಿದ್ದು ಬಹಳವಿರಲಿಲ್ಲ. ಭೂತಗನ್ನಡಿಯ ಕಾಚಿನ ಕೆಳಗೆ ಹೊರಳಿಸಿ ಹೊರಳಿಸಿ ನೋಡಿದಾಗ ಒಂದು ಸಣ್ಣ ವೃತ್ತ, ಅದರ ಸುತ್ತ ಊರಿನ ಹೆಸರಿನ ಅರ್ಧ ಅಕ್ಷರಗಳು ಕಂಡವು. ಹಕ್ಕಿಯ ರೆಕ್ಕೆಯ ಗರಿಗಳನ್ನು ಕೈಯಿಂದ ತೀಡಿದ್ದರು, ಅಚ್ಚಿನ ಗೀರು ಇರಲಿಲ್ಲ. ಹಿಡಿಯ ತುದಿಯ ತಿರುಪು ಹಳೆಯ ಗಡಿಯಾರಗಳಲ್ಲಿದ್ದಂಥ ನುಣುಪು ಕೆಲಸ. ಮೇಲಿನ ಲೇಪ ಸವೆದಲ್ಲಿ ಕೆಳಗಿನ ಹಿತ್ತಾಳೆ ಬೆಚ್ಚಗೆ ಹೊಳೆಯುತ್ತಿತ್ತು. ಖೊಟ್ಟಿ ಅಲ್ಲ. ಬ್ಲೇಡು ತೆಗೆದುಕೊಂಡು ದಾರ ಕತ್ತರಿಸಿದ.

ಹಳದಿ ದಾರ, ಅದರ ಕೆಳಗೆ ಮಸುಕು ಹಳದಿ, ಅದರ ಕೆಳಗೆ ಕಂದು, ಎಲ್ಲಕ್ಕಿಂತ ಕೆಳಗೆ ಪಲ್ಟನ್ನಿನವರು ಬೂಟಿಗೆ ಕಟ್ಟುವಂಥ ಗಟ್ಟಿ ಕಪ್ಪು ದಾರ, ಒತ್ತೊತ್ತಾಗಿ, ಬೇಕೆಂದೇ ಬಿಗಿಯಾಗಿ ಸುತ್ತಿದ್ದು. ಅದನ್ನೂ ಬಿಚ್ಚಿದ. ಒರೆಯ ಬೆನ್ನ ಮೇಲೆ ಮೊಳೆಯಿಂದ ಗೀಚಿದ ಅಕ್ಷರಗಳಿದ್ದವು. ಕನ್ನಡ ಅಕ್ಷರಗಳು, ಸೊಟ್ಟಪಟ್ಟ, ಬರೆಯಲು ಹೊಸದಾಗಿ ಕಲಿತವನು ಬರೆದಂತೆ: ಸಂಗಪ್ಪ ಹೂಲಿ.

ಫೋಟೋ ನೋಡಿ ಗುರುನಾಥ ಕೂಡಲೇ ಫೋನ್ ಮಾಡಿದ. "ಖರೇ ಮಾಲ ಐತರಿ! ಆದರ ಹುಣಸಿಹಣ್ಣ ಹಚ್ಚಿ ಅರ್ಧಾ ಕೊಂದೀರಿ. ಈ ಹೆಸರ ಬ್ಯಾರೆ. ಪುಣೆಯಾಂವ ಗೀಚಿದ್ದ ನೋಡಿದ್ರ ಇಪ್ಪತ್ತಕ್ಕ ಇಳಸ್ತಾನ. ನಿಮ್ಮಲ್ಲಿ ಬಫ್ ಐತಲ್ಲ? ಎರಡ ನಿಮಿಷ ಹಿಡೀರಿ. ಐವತ್ತಕ್ಕ ನಾ ಒಯ್ತೇನಿ. ಇಂದ ಬೇಕಾದ್ರ ಸಂಜಿಕ ಬರ್ತೇನಿ."

ಐವತ್ತು. ಹೊಸ ಅಂಗಡಿಗೆ ಬೇಕಾದಷ್ಟೇ.

ಮುಕುಂದ ಬಫ್ ಚಕ್ರ ಶುರು ಮಾಡಿದ. ಗಡಿಯಾರದ ಕೇಸುಗಳ ಗೀರು ತೆಗೆಯಲು ಇಟ್ಟುಕೊಂಡ ಬಟ್ಟೆಯ ಚಕ್ರ ಅದು. ಮೇಣ ಹಚ್ಚಿದ. ಚಕ್ರ ಗುಂಯ್ ಎಂದು ತಿರುಗುತ್ತಿತ್ತು. ಒರೆಯನ್ನು ಅದರ ಹತ್ತಿರ ಒಯ್ದ, ಹಿಂದೆ ತಂದ, ಮತ್ತೆ ಒಯ್ದ. ಸಂಗಪ್ಪ ಹೂಲಿ ಯಾರು? ಅಜ್ಜ ಅವನ ಹೆಸರಿನ ಮೇಲೆ ದಾರ ಯಾಕೆ ಸುತ್ತಿದ? ಕದ್ದದ್ದೇ ಹಾಗಾದರೆ? ಸತ್ತವನ ಗಂಟು ಬಿಚ್ಚಿ ತೆಗೆದುಕೊಂಡದ್ದೇ? ಉಗ್ರಾಣದ ಕಾರಕೂನನಿಗೆ ಅದು ಕಷ್ಟದ ಕೆಲಸವಲ್ಲ. ಮಕ್ಕಳಿಗೆ ಸಂಜೆ ಪಾಠ ಹೇಳಿಸುತ್ತಿದ್ದ, ಸೊಸೈಟಿಯ ಒಂದು ಪೈಸೆ ಮುಟ್ಟದ ಅಜ್ಜನ ಮುಖ ಕಣ್ಣೆದುರು ಬಂತು. ಮುಕುಂದ ಚಕ್ರ ನಿಲ್ಲಿಸಿದ. ಬಾಕನ್ನು ಟವಲ್ಲಿನಲ್ಲಿ ಸುತ್ತಿಕೊಂಡು, ಗಿರಾಕಿಯೊಬ್ಬಳು ಮಿಕ್ಸರ್ ಹಿಡಿದುಕೊಂಡು ಬರುತ್ತಿರುವಾಗಲೇ ಶಟರ್ ಎಳೆದು ಮನೆಗೆ ಹೋದ.

ವರದಾ ಎಲ್ಲ ಕೇಳಿ, "ಎಂಬತ್ತು ವರ್ಷ ಯಾರೂ ಕೇಳಿಕೊಂಡು ಬಂದಿಲ್ಲ. ಈಗ ನೀವ ಯಾಕ ಹುಡುಕಿಕೊಂಡು ಹೋಗ್ತೀರಿ? ಮೊದಲ ಅಂಗಡಿ ನೋಡ್ರಿ," ಎಂದಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಒಳಗಿನ ಕೋಣೆಯಲ್ಲಿ ಜಪಕ್ಕೆ ಕೂತಿದ್ದ ಸುಂದರಾಬಾಯಿ ಎದ್ದು ಬಂದರು. ಎಂಬತ್ತೆರಡು ವರ್ಷದವರು. ಮಗನ ಕೈಯಲ್ಲಿದ್ದ ಬೋಳು ಒರೆ ನೋಡಿ ಗೋಡೆ ಹಿಡಿದು ನಿಂತರು.

"ದಾರಾ ಯಾಕ ಬಿಚ್ಚಿದ್ಯೋ? ಬಿಚ್ಚಬ್ಯಾಡ್ರಿ ಅಂತ ಮಾವನವ್ರು ಹೇಳಿದ್ರು."

"ಸಂಗಪ್ಪ ಅಂದ್ರ ಯಾರು ಅಮ್ಮಾ? ಅಜ್ಜ ಇದನ್ನ ಕದ್ದು ತಂದಿದ್ರೇನು?"

"ಬಾಯಿ ಮುಚ್ಚು!" ಎಂದರು ಸುಂದರಾಬಾಯಿ. ಆಮೇಲೆ ಮಣೆಯ ಮೇಲೆ ಕೂತು ಹೇಳಿದರು. "ಮಾವನವ್ರು ತೀರಿಹೋಗೂಕಿಂತ ಒಂದು ವರ್ಷ ಮೊದಲ ನನಗ ಹೇಳಿದ್ರು. ನಿಮ್ಮಪ್ಪಗ ಸೈತ ಹೇಳಿರಲಿಲ್ಲ. ಸಂಗಪ್ಪ ಹೂಲಿಯಾಂವ. ಇಬ್ಬರೂ ಒಂದ ಪಲ್ಟನ್ನಿನೊಳಗ ಇದ್ರು. ನಮ್ಮ ಕಡಿಯವ, ನಮ್ಮ ಮಾತಿನಂವ ಅಂತ ಭಾಳ ಜೀವ. ಅಂವಗ ಅಕ್ಷರ ಕಲಿಸಿದವರು ಮಾವನವ್ರ. ಇಟಲಿಯೊಳಗ ಯಾವ್ದೋ ಅಂಗಡಿಯಾಗ ಹತ್ತು ಸಿಗರೇಟಿನ ಪಾಕೀಟು ಕೊಟ್ಟು ಇದನ್ನ ತಗೊಂಡಿದ್ದಂತ. ಒಂದಿನ ಹೊಳಿ ದಾಟೂದಿತ್ತಂತ. ಮುಂಜಾನೆ ಹೊಂಡೂ ಮುಂದ ಉಗ್ರಾಣಕ್ಕ ಬಂದು, 'ಜೋಶಿಯವರ, ನೀರಾಗ ಬಿದ್ದೀತು, ನಿಮ್ಮಲ್ಲೆ ಇರಲಿ, ಬಂದು ತಗೋತೇನಿ' ಅಂತ ಕೊಟ್ಟು ಹೋದಾ. ಬರಲಿಲ್ಲ. ಹೆಣಾನೂ ಸಿಗಲಿಲ್ಲ. ಕಾಣಿಯಾಗ್ಯಾನ ಅಂತ ಸರಕಾರದ ಕಾಗದ ಬಂತು, ಅಷ್ಟ."

"ಮತ್ತ ಅವನ ಮನಿಗೆ ಕೊಡಲಿಲ್ಲ ಯಾಕ?"

"ಕೊಡಲಿಕ್ಕೇ ಹೋದ್ರು. ಬಾಗಲದಾಗ ಅವನ ಹೆಂಡತಿ ನಿಂತಿದ್ಲಂತ. ಹಣಿ ತುಂಬ ಕುಂಕುಮ, ಕೈ ತುಂಬ ಹಸರ ಬಳಿ. ಕಂಕಳಾಗ ಕೂಸು. ಅಂವ ಬರ್ತಾನ ಅಂತ ಹಾದಿ ನೋಡಕೋತ ಇದ್ಲು. ಇದನ್ನ ಆಕಿ ಕೈಯಾಗಿಟ್ರ ಬಳಿ ಒಡೀಬೇಕಾಗ್ತದ ಅಂತ, ಗುಡಿ ನೋಡಲಿಕ್ಕೆ ಬಂದೀನಿ ಅಂದು ಹಂಗ ತಿರುಗಿ ಬಂದ್ರು. ವರ್ಷಕ್ಕೊಮ್ಮೆ ಹೋಗ್ತಿದ್ರು. ಪ್ರತಿ ಸಲ ಹಂಗ ಬಂದ್ರು. ಆಮ್ಯಾಲ ಹೋಗೂದೂ ಬಿಟ್ರು."

ಮುಕುಂದನ ಮೈ ಹಗುರಾಯಿತು. ಅಜ್ಜ ಕಳ್ಳನಲ್ಲ. ಕಳ್ಳನಲ್ಲವೆಂಬುದಷ್ಟೇ ಅಲ್ಲ, ಒಬ್ಬ ಹೆಣ್ಣುಮಗಳ ಮುತ್ತೈದೆತನ ಕಾಯ್ದವನು. ಆದರೂ ಅವನು ಒಂದು ಕಡೆ ನಿಲ್ಲಲಾರದಾದ. ಎರಡು ದಿನ ಅಂಗಡಿ ತೆಗೆದ, ಹಾಕಿದ. ಒಂದು ಗೋಡೆ ಗಡಿಯಾರದ ಮುಳ್ಳು ತಲೆಕೆಳಗು ಕೂಡಿಸಿ ಗಿರಾಕಿಯಿಂದ ಬೈಸಿಕೊಂಡ. ಗುರುನಾಥನ ಫೋನ್ ಬಂದಾಗಲೆಲ್ಲ ಎದ್ದು ರಸ್ತೆಗೆ ಹೋದ. ಮೂರನೆಯ ದಿನ ಎಂಟು ಗಂಟೆಗೆ ಸವದತ್ತಿ ಬಸ್ಸು ಹತ್ತಿದ.

ಸವದತ್ತಿಯಿಂದ ಹೂಲಿಗೆ ಇನ್ನೊಂದು ಬಸ್ಸು. ಊರ ಮುಂದೆ ಇಳಿದು ಚಹದ ಅಂಗಡಿಯಲ್ಲಿ, "ಹಿಂದಕ ಪಲ್ಟನ್ನಿಗೆ ಹೋಗಿದ್ದ ಸಂಗಪ್ಪ ಅಂತ…" ಎನ್ನುವಷ್ಟರಲ್ಲಿ ಅಂಗಡಿಯವನು, "ಪಲ್ಟನ್ ಮನಿ ಏನ್ರಿ? ಗುರುಬಸವ್ವನ ಮನಿ. ಗುಡಿ ಹಿಂದ ಹೋಗ್ರಿ," ಎಂದ. ಎಂಬತ್ತು ವರ್ಷವಾದರೂ ಆ ಮನೆಯ ಹೆಸರು ಅದೇ ಇತ್ತು.

ಹಳೆಯ ಕಲ್ಲಿನ ಗುಡಿಗಳ ಸಾಲು ದಾಟಿ ಹೋದರೆ ಅಂಗಳದಲ್ಲಿ ಒಬ್ಬ ಮುದುಕಿ ಕೂತು ಹೆಸರುಕಾಳು ಕೇರುತ್ತಿದ್ದಳು. ಸಂಗಪ್ಪನ ಒಬ್ಬಳೇ ಮಗಳು ಗುರುಬಸವ್ವ. ತಂದೆ ಪಲ್ಟನ್ನಿಗೆ ಹೋದಾಗ ಮೂರು ತಿಂಗಳ ಕೂಸು. ಗಂಡನನ್ನು ಮನೆ ಅಳಿಯನಾಗಿ ಕರೆದುಕೊಂಡು ಇದೇ ಮನೆಯಲ್ಲಿ ಬಾಳಿದವಳು. ಗಂಡ ತೀರಿಕೊಂಡಿದ್ದ. ಮಗ ನಿಂಗರಾಜ ಕಾಳು ತುಂಬುವ ಹಗೇವಿನ ಹತ್ತಿರ ಚೀಲ ಹೊಲಿಯುತ್ತಿದ್ದ.

ಮುಕುಂದ ಹೆಸರು ಹೇಳಿದ, ಊರು ಹೇಳಿದ, ಬಸ್ಸಿನಲ್ಲಿ ಕೂಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಮರೆತು ಟವಲ್ಲು ಬಿಚ್ಚಿ ಬಾಕನ್ನು ಮುಂದಿಟ್ಟ. "ಇದು ನಿಮ್ಮಪ್ಪಂದು ರೀ. ನಮ್ಮಜ್ಜನ ಕಡೆ ಇಡಲಿಕ್ಕೆ ಕೊಟ್ಟಿದ್ರಂತ."

ಗುರುಬಸವ್ವ ಕೈಯಲ್ಲಿನ ಮೊರವನ್ನು ಕೆಳಗಿಟ್ಟಳು. ಕೂಡಲೇ ಮುಟ್ಟಲಿಲ್ಲ. ನಿಂಗರಾಜ ಬಂದು ಎತ್ತಿ ನೋಡಿ, ಗೀಚಿದ್ದನ್ನು ಓದಿ ಹೇಳಿದ. ಆಗ ಅವಳು ಬೆರಳನ್ನು ಸೀರೆಗೆ ಒರೆಸಿಕೊಂಡು ಅಕ್ಷರಗಳ ಮೇಲೆ ಒಂದೊಂದಾಗಿ ಆಡಿಸಿದಳು.

"ಇದನ್ನ ಅಪ್ಪನ ಗೀಚ್ಯಾನೇನ್ರಿ? ತನ್ನ ಕೈಲೆ?"

"ಹೌದ್ರಿ. ನಮ್ಮಜ್ಜ ಅಕ್ಷರ ಕಲಿಸಿದ್ರಂತ."

"ಫೋಟೋ ಇಲ್ರಿ ಅವಂದು. ಕಾಗದ ಬರತಿದ್ವಂತ, ಅದನ್ನ ಯಾರೋ ಬರದ ಕೊಡಾವ್ರು. ಅಂವ ಇದ್ದಾ ಅನ್ನಾಕ ಮನ್ಯಾಗ ಏನೂ ಇರಲಿಲ್ರಿ." ಮತ್ತೆ ಬೆರಳಾಡಿಸಿದಳು. "ಈ ಕತ್ತಿ ಏನ ಮಾಡಾಕ್ರಿ? ಉಳ್ಳಾಗಡ್ಡಿ ಹೆಚ್ಚಾಕೂ ಬರಾಂಗಿಲ್ಲ."

"ಪತ್ರದ ಲಕೋಟಿ ಹರಿಯೂದು."

ಗುರುಬಸವ್ವ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. "ಅಯ್ಯ ಇವನ! ನಮ್ಮನಿಗೆ ಯಾರ ಪತ್ರ ಬರತಿದ್ವು ಅಂತ ತಗೊಂಡಾ!" ನಗು ಹಾಗೇ ಕಣ್ಣಲ್ಲಿ ನೀರಾಯಿತು. ಸೆರಗಿನಿಂದ ಒರೆಸಿಕೊಂಡು ಮುಕುಂದನನ್ನು ದಿಟ್ಟಿಸಿದಳು. "ನಿಮ್ಮಜ್ಜ ಕರೀ ಟೊಪಗಿ ಹಾಕತಿದ್ರೇನ್ರಿ? ಛತ್ರಿ ಹಿಡಕೊಂಡು ಬರತಿದ್ರು. ಗುಡಿ ನೋಡಾಕ ಬಂದೇನಿ ಅನ್ನಾವ್ರು. ನನಗ ಪೆಪ್ಪರಮಿಂಟ್ ಕೊಡಾವ್ರು. ಕಟ್ಟಿಮ್ಯಾಗ ಕುಂತು ಮಜ್ಜಿಗಿ ಕುಡದು ಹೋಗಿಬಿಡಾವ್ರು. 'ಆ ಭಟ್ರು ಏನೋ ಹೇಳಾಕ ಬರತಾರ, ಹೇಳೂದಿಲ್ಲ' ಅಂತಿದ್ಲು ಅವ್ವ."

ಮುಕುಂದನಿಗೆ ಉತ್ಸಾಹ ಬಂತು. ತಾಯಿ ಹೇಳಿದ್ದನ್ನೆಲ್ಲ ಹೇಳಿದ. ಕೊನೆಗೆ, "ನಿಮ್ಮವ್ವ ಬಳಿ ಒಡಿಯೂದನ್ನ ನೋಡಲಾರದ ಸುಮ್ಮನಾದ್ರು ರೀ. ಅಷ್ಟು ಮರುಗಿದ್ರು," ಎಂದ.

"ಒಡೀಬೇಕಿತ್ರಿ," ಎಂದಳು ಗುರುಬಸವ್ವ.

ದನಿಯಲ್ಲಿ ಸಿಟ್ಟಿರಲಿಲ್ಲ. ಮುಕುಂದ ತಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ನೋಡಿದ.

"ಅವ್ವಗ ಆವಾಗ ಇಪ್ಪತ್ತ ವರ್ಸರಿ. ನಮ್ಮಲ್ಲಿ ಉಡಿಕಿ ಮಾಡತಾರ. ಗಂಡ ಹ್ವಾದ ಹೆಣ್ಮಗಳು ಮತ್ತ ಲಗ್ನ ಆಗಬಹುದು. ಎರಡ ಸಲ ಕೇಳಾಕ ಬಂದಿದ್ರು. ಮುನವಳ್ಳಿ ಕಡಿಯಾಂವ ಒಬ್ಬಾಂವ ಬಾಳ ಚಲೋ ಮನಶ್ಯಾ, ನನ್ನ ಸೈತ ಮಗಳಂಗ ನೋಡಕೋತೇನಿ ಅಂದಿದ್ದಾ. ಅವ್ವ ಒಲ್ಲೆ ಅಂದ್ಲು. ನನ್ನ ಗಂಡ ಸತ್ತಾನ ಅಂತ ಯಾರ ನೋಡ್ಯಾರ, ಅಂವ ಬರತಾನ, ಅಂದ್ಲು. ಐವತ್ತ ವರ್ಸ ಅಂದ್ಲ್ರಿ. ಹಿರೇರು ಬೈದ್ರು, ಅಣ್ಣತಮ್ಮಂದಿರು ಮಾತ ಬಿಟ್ರು. ಬಸ್ ಬಂದಾಗೊಮ್ಮೆ ಕೈಯಾಗಿಂದ ಬಿಟ್ಟು ಊರ ಅಗಸಿಗೆ ಹೋಗಿ ನಿಂದ್ರತಿದ್ಲು. ಸಣ್ಣಾಕಿದ್ದಾಗ ನನಗ ನಾಚಿಕಿ ಬರತಿತ್ತು." ಬಾಕಿನತ್ತ ಕೈ ತೋರಿಸಿದಳು. "ಇದನ್ನ ಕೊಟ್ಟು, ಅಂವ ಹೊಳ್ಯಾಗ ಹ್ವಾದಾ ತಂಗೀ ಅಂತ ಒಂದ ಮಾತ ಹೇಳಿದ್ರ ಒಂದ ದಿನ ಅಳತಿದ್ಲು. ಒಂದ ವರ್ಸ ಅಳತಿದ್ಲು. ಆಮ್ಯಾಲ ಬಾಳೇ ಮಾಡತಿದ್ಲ್ರಿ."

ಮುಕುಂದ ಎದ್ದ, ಎಲ್ಲಿ ಹೋಗಬೇಕೆಂದು ತಿಳಿಯದೆ ಮತ್ತೆ ಕೂತ. ನಿಂಗರಾಜ ಮಾತು ತಿರುಗಿಸಲೋ ಎಂಬಂತೆ, "ಇದಕ್ಕ ಬೆಲಿ ಐತೇನ್ರಿ?" ಎಂದು ಕೇಳಿದ. ಮುಕುಂದ ಏನೂ ಮುಚ್ಚಿಡದೆ ಹೇಳಿದ: ಹೆಸರು ಇದ್ದಂತೆ ಮಾರಿದರೆ ಇಪ್ಪತ್ತು, ಅಳಿಸಿದರೆ ಐವತ್ತು. ಗುರುನಾಥನ ನಂಬರನ್ನೂ ಚೀಟಿಯಲ್ಲಿ ಬರೆದು ಕೊಟ್ಟ. ನಿಂಗರಾಜ ಚೀಟಿಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡ.

"ಊಟಾ ಮಾಡ್ರಿ," ಎಂದಳು ಗುರುಬಸವ್ವ. "ಹಂಗ ಹೋಗಬ್ಯಾಡ್ರಿ." ರೊಟ್ಟಿ, ಹೆಸರುಕಾಳಿನ ಪಲ್ಯೆ, ಮೊಸರು. ಮುಕುಂದ ತಲೆ ತಗ್ಗಿಸಿ ತಿಂದ. ಎರಡನೆಯ ರೊಟ್ಟಿ ಬೇಡವೆಂದರೂ ಅವಳು ಹಾಕಿದಳು.

ಮನೆಗೆ ಬಂದು ತಾಯಿಗೆ ಒಂದಕ್ಷರ ಬಿಡದೆ ಹೇಳಿದ. ಬಳೆ ಒಡೆಯಬೇಕಿತ್ತು ಎಂದ ಮಾತನ್ನೂ ಹೇಳಿದ. ಅಜ್ಜನ ಮೇಲೆ ಸಿಟ್ಟು ಬರುತ್ತಿತ್ತು, ಸಿಟ್ಟು ಬಂದದ್ದಕ್ಕೆ ಕಸಿವಿಸಿಯಾಗುತ್ತಿತ್ತು, ಹೇಳುತ್ತ ಹೇಳುತ್ತ ಪಡಸಾಲೆಯ ಉದ್ದಕ್ಕೂ ಓಡಾಡುತ್ತಿದ್ದ. ಸುಂದರಾಬಾಯಿ ಮಾತ್ರ ಅಲುಗಲಿಲ್ಲ.

"ಆಕಿ ತಾಯಿ ಯಾವಾಗ ಹೋದ್ಲಂತ?"

"ತೊಂಬತ್ನಾಲ್ಕರಾಗ."

"ಮಾವನವ್ರು ಹೋದದ್ದು ಎಂಬತ್ತೊಂದರಾಗ." ಸುಂದರಾಬಾಯಿ ಬೆರಳು ಮಡಚಿ ಎಣಿಸಿದರು. "ಹದಿಮೂರು ವರ್ಷ. ಆ ಹದಿಮೂರು ವರ್ಷ ನನಗ ಗೊತ್ತಿತ್ತಲ್ಲೋ ಮುಕುಂದಾ. ಸವದತ್ತಿಗೆ ಎಷ್ಟು ಸಲ ಹೋಗಿ ಬಂದೀನಿ ನಾನು. ನನಗ ಗೊತ್ತಿತ್ತು."

ನಾಲ್ಕು ದಿನದ ಮೇಲೆ ನಿಂಗರಾಜನ ಫೋನ್ ಬಂತು. ಮಾರಿದ ಸುದ್ದಿಯೇ ಇರಬೇಕೆಂದುಕೊಂಡ ಮುಕುಂದ. ನಿಂಗರಾಜ ಹೇಳಿದ್ದು ಬೇರೆ. "ಸ್ವಾಮಾರ ಬರ್ರಿ ಅಂದಾಳ್ರಿ ಅವ್ವ. ಅದನ್ನ ಮಣ್ಣು ಮಾಡೂದೈತಂತ. ನಮ್ಮಜ್ಜಿ ಸಮಾಧಿ ಮಗ್ಗಲಕ. ನಾ ಬಾಳ ಹೇಳಿನ್ರಿ, ಐವತ್ತ ಸಾವಿರ ಅಂದ್ರ ಸುಮ್ಮನ ಅಲ್ಲ ಅಂತ. 'ನಮ್ಮಪ್ಪನ್ನ ಮಾರತಿ ಏನ?' ಅಂತ ಒಂದ ಮಾತ ಕೇಳಿದ್ಲು. ಆತು ಬಿಡು ಅಂದೆ."

ಸೋಮವಾರ ಸುಂದರಾಬಾಯಿ ಐದಕ್ಕೇ ಎದ್ದು ಸ್ನಾನ ಮಾಡಿ, ಒಂಬತ್ತು ಗಜದ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದರು. ಮೊಣಕಾಲಿನ ನೋವು, ಎರಡು ಬಸ್ಸು, ಬಿಸಿಲು ಎಂದು ವರದಾ ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ವರದಾಳೇ ಅಂಗಡಿಗೆಂದು ಕೂಡಿಟ್ಟ ದುಡ್ಡಿನಿಂದ ಸಾವಿರದ ಐನೂರು ಎಣಿಸಿ ಕಾರು ಮಾಡಿಸಿ, ತಾನೂ ಹತ್ತಿ ಕೂತಳು.

ಹೂಲಿಯ ಹೊಲದ ಬದುವಿನಲ್ಲಿ ಬೇವಿನ ಗಿಡದ ಕೆಳಗೆ ಗುರುಬಸವ್ವನ ತಾಯಿಯ ಸಮಾಧಿ. ಸುಣ್ಣ ಬಳಿದಿದ್ದರು. ಪಕ್ಕದಲ್ಲಿ ನಿಂಗರಾಜ ಮೊಣಕಾಲುದ್ದ ಗುಂಡಿ ತೋಡಿದ್ದ. ಊರಿನ ನಾಲ್ಕು ಜನ ಹಿರಿಯರು, ಮಠದ ಅಯ್ಯನವರು, ಅಕ್ಕಪಕ್ಕದ ಹೆಣ್ಣುಮಕ್ಕಳು. ಸುಂದರಾಬಾಯಿ ಮಗನ ಹೆಗಲು ಹಿಡಿದು ಬದುವಿನ ಮೇಲೆ ನಡೆದು ಹೋಗಿ ಗುರುಬಸವ್ವನ ಮುಂದೆ ನಿಂತರು. ಇಬ್ಬರೂ ಒಂದೇ ವಯಸ್ಸಿನವರು.

"ನನಗೂ ಗೊತ್ತಿತ್ತವಾ," ಎಂದರು ಸುಂದರಾಬಾಯಿ. "ನಿಮ್ಮವ್ವ ಇದ್ದಾಗನ ಗೊತ್ತಿತ್ತು. ನಾನೂ ಬಂದು ಹೇಳಲಿಲ್ಲ."

ಗುರುಬಸವ್ವ ಇರಲಿ ಬಿಡ್ರಿ ಎನ್ನಲಿಲ್ಲ. ಬೈಯಲೂ ಇಲ್ಲ. "ಬಿಸಲಾಗ ನಿಂತೀರಿ. ಈ ಕಡಿ ನೆಳ್ಳಾಗ ಬರ್ರಿ," ಎಂದು ಕೈ ಹಿಡಿದು ಕರೆದುಕೊಂಡು ಹೋಗಿ ಕೂಡಿಸಿದಳು.

ಅಯ್ಯನವರು ವಿಭೂತಿ ಹಚ್ಚಿದರು. ಹಿರಿಯರಲ್ಲೊಬ್ಬ ಅಳುಕುತ್ತ, "ಹೆಣಾ ಇಲ್ಲದ ಹೆಂಗ…" ಎಂದ. "ಹೆಸರೈತಲ್ಲ," ಎಂದಳು ಗುರುಬಸವ್ವ. ಬಾಕನ್ನು ಹೊಸ ಬಿಳಿ ಬಟ್ಟೆಯಲ್ಲಿ ಸುತ್ತಿ ತಾನೇ ಗುಂಡಿಯಲ್ಲಿಟ್ಟಳು. ಇಟ್ಟವಳು ಮತ್ತೆ ಹೊರತೆಗೆದು, ಬಟ್ಟೆ ಬಿಚ್ಚಿ, ಗೀಚಿದ ಬದಿ ಮೇಲೆ ಬರುವಂತೆ ತಿರುಗಿಸಿ ಮತ್ತೆ ಸುತ್ತಿ ಇಟ್ಟಳು. ಮೊದಲ ಹಿಡಿ ಮಣ್ಣು ಅವಳದು. ಎರಡನೆಯದು ನಿಂಗರಾಜನದು. ಮೂರನೆಯದಕ್ಕೆ ಅವಳು ಮುಕುಂದನ ಕಡೆ ನೋಡಿದಳು. ಮುಕುಂದ ಬಗ್ಗಿ ಮಣ್ಣು ತೆಗೆದುಕೊಂಡ. ಅವಸರದಲ್ಲಿ ಅರ್ಧ ಮಣ್ಣು ಬದುವಿನ ಮೇಲೆಯೇ ಬಿತ್ತು.

ಹಿಂದಿನ ಓಣಿಯ ಅಂಗಡಿ ಅವನಿಗೆ ಸಿಗಲಿಲ್ಲ. ಬೇರೆಯವರು ತೆಗೆದುಕೊಂಡರು. ಈಗ ಅವನು ಮನೆಯ ಕಟ್ಟೆಯ ಮೇಲೆಯೇ ಮೇಜು ಹಾಕಿಕೊಂಡು ಕೆಲಸ ಮಾಡುತ್ತಾನೆ. ಗಿರಾಕಿಗಳು ಕಡಿಮೆ. ಖುಕ್ರಿಯನ್ನೂ ಕೈರೋದ ಬಾಕನ್ನೂ ಗುರುನಾಥ ಸಾವಿರದ ಎಂಟುನೂರಕ್ಕೆ ಒಯ್ದ. ಅಜ್ಜ ಮಾಡಿದ್ದು ಸರಿಯೋ ತಪ್ಪೋ ಎಂದು ಯಾರಾದರೂ ಕೇಳಿದರೆ ಮುಕುಂದ ಒಂದು ದಿನ ಒಂದು ಹೇಳುತ್ತಾನೆ, ಮರುದಿನ ಇನ್ನೊಂದು. ತಿಂಗಳಿಗೊಮ್ಮೆ ಸುಂದರಾಬಾಯಿ ಅವನ ಫೋನು ಕೇಳಿ ಪಡೆದು ಹೂಲಿಗೆ ಮಾತಾಡುತ್ತಾರೆ. ಮೊಣಕಾಲು ನೋವು, ಹೆಸರುಕಾಳಿನ ರೇಟು, ಸೊಸೆಯಂದಿರು, ಏನೇನೋ ಮಾತು, ಅರ್ಧ ತಾಸಿನವರೆಗೆ. ಅಷ್ಟು ಹೊತ್ತು ಮುಕುಂದ ಕಣ್ಣಿನ ಕಾಚು ತೆಗೆದಿಟ್ಟು ಅಂಗಳದಲ್ಲಿ ಆ ತುದಿಯಿಂದ ಈ ತುದಿಗೆ ಓಡಾಡುತ್ತಿರುತ್ತಾನೆ.